ಪಾಸಾಗದ ಡಿಸ್ಕು

ಹೋದ ತಿಂಗಳು ಜವನಗೊಂಡನಹಳ್ಳಿ ಕಡೆಯಿಂದ ಒಂದು ಫೋನ್ ಬಂತು. ನನಗೆ ಕೆಲಸ ಕಲಿಸಿದ ಹಿರಿಯರು ತೀರಿಕೊಂಡು ಆಗಲೇ ಮೂರು ದಿನವಾಗಿತ್ತು. ಹೇಳಿದವನು ಅವರ ತಮ್ಮನ ಮಗ. "ನಿಮ್ಮ ನಂಬರು ದೊಡ್ಡಪ್ಪನ ಡೈರಿನಾಗಿತ್ತು, ತಿಳಿಸ್ಬೇಕು ಅನ್ನಿಸ್ತು" ಎಂದ. ಫೋನ್ ಇಟ್ಟ ಮೇಲೆ ನನಗೆ ಅಳು ಬರಲಿಲ್ಲ. ಅಳುವ ಹಕ್ಕು ನನಗಿಲ್ಲ ಎಂಬುದು ನನಗೆ ಎಂದೋ ಗೊತ್ತಿತ್ತು. ಬರೆಯುವ ಹಕ್ಕಾದರೂ ಇದೆಯೇ ಎಂದು ತಿಳಿಯದೆಯೇ ಬರೆಯುತ್ತಿದ್ದೇನೆ. ಅವರ ಹೆಸರು ಹಾಕುವುದಿಲ್ಲ. ರಿಪೇರಿ ಮಾಡಿದ ಯಂತ್ರಕ್ಕೆ ಅಂಟಿಸುವ ಚೀಟಿಯ ಮೇಲೆ ಕೂಡ ಅವರು 'ಪರೀಕ್ಷಿಸಿದೆ' ಎಂದಷ್ಟೇ ಬರೆಯುತ್ತಿದ್ದರು, ಹೆಸರು ಬರೆಯುತ್ತಿರಲಿಲ್ಲ.

ಅವರು ಯಾವ ಯಂತ್ರವನ್ನೇ ಆಗಲಿ, ಬಿಚ್ಚುವ ಮುಂಚೆ ಕೇಳುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗಿಟ್ಟು, ಹಿಡಿಯನ್ನು ಕಿವಿಗೊತ್ತಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಹಿರಿಯೂರಿನ ಸುತ್ತಮುತ್ತ ಪಂಪ್‌ಸೆಟ್ ರಿಪೇರಿ ಮಾಡುತ್ತಾ ಓದಿದವರು, ಅಲ್ಲಿ ಕಲಿತ ವಿದ್ಯೆ ಅದು. ಒಮ್ಮೆ ನಾವಿಬ್ಬರೂ ಹೊಳಲ್ಕೆರೆ ಬಸ್ಸಿನಲ್ಲಿ ಹೋಗುತ್ತಿದ್ದಾಗ ಎದ್ದುಹೋಗಿ ಡ್ರೈವರನಿಗೆ, "ಎಡಗಡೆ ಹಿಂದಿನ ಚಕ್ರದ ಬೇರಿಂಗ್ ಹೋಗೈತೆ, ನಿಲ್ಸಪ್ಪ" ಎಂದರು. "ನೀವ್ ಕುಂತ್ಕಳ್ರಿ ಸಾಮಿ" ಎಂದು ಡ್ರೈವರ್ ಗದರಿದ. ಊರು ಇನ್ನೂ ಎರಡು ಮೈಲಿ ಇರುವಾಗ ಬಸ್ಸು ರಸ್ತೆ ಬದಿಗೆ ನಿಂತುಹೋಯಿತು. ಬಿಸಿಲಲ್ಲಿ ಎಲ್ಲರ ಜೊತೆ ನಾವೂ ನಡೆದೆವು. ಅವರ ಮುಖದಲ್ಲಿ ಗೆದ್ದ ಖುಷಿ ಇತ್ತೇ ಹೊರತು ನಡೆಯಬೇಕಾಯಿತಲ್ಲ ಎಂಬ ಬೇಸರ ಎಳ್ಳಷ್ಟೂ ಇರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ಚಿತ್ರದುರ್ಗ ದಾಟಿ ಹೊಳಲ್ಕೆರೆ ರಸ್ತೆಗೆ ಬಿದ್ದರೆ ನಮ್ಮ ಗಣಿ ಕಂಪನಿಯ ಆಫೀಸು ಸಿಗುತ್ತಿತ್ತು. ಅದರ ಹಿಂಭಾಗದಲ್ಲಿ ಕಿಟಕಿಯೇ ಇಲ್ಲದ ಒಂದು ಕೋಣೆ. ಅದೇ ಕಂಪ್ಯೂಟರ್ ಕೋಣೆ. ಅವರು ಅದರ ಮುಖ್ಯಸ್ಥರು, ನಾನು ಸಹಾಯಕ. ಪಕ್ಕದ ಕೋಣೆಯಲ್ಲಿ, ಕಂಪ್ಯೂಟರಿಗೆ ಓದಿಸುವ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು ಪಂಚ್ ಮಾಡುವ ಇಬ್ಬರು ಹೆಣ್ಣುಮಕ್ಕಳಿದ್ದರು. ಅದಿರಿನ ಮಾದರಿಗಳ ವಿವರ, ಕೆಲಸಗಾರರ ಹಾಜರಿ, ಇಂಥವೇ ನಮ್ಮ ಕೆಲಸ. ಹೊರಗೆ ಹಗಲೆಲ್ಲ ಅದಿರಿನ ಲಾರಿಗಳು ಕೆಂಪು ದೂಳೆಬ್ಬಿಸಿಕೊಂಡು ಓಡಾಡುತ್ತಿದ್ದವು. ಒಳಗೆ ಎ.ಸಿ. ಯಂತ್ರ ಗುರ್ ಎನ್ನುತ್ತಾ ನಮ್ಮನ್ನು ನಡುಗಿಸುತ್ತಿತ್ತು. ಮೈಸುಡುವ ಏಪ್ರಿಲ್ಲಿನಲ್ಲಿ ಚಳಿಯಿಂದ ಹಲ್ಲು ಕಟಕಟ ಎನ್ನಿಸಿಕೊಂಡವರು ಇಡೀ ಜಿಲ್ಲೆಯಲ್ಲಿ ನಾವೇ ಇರಬೇಕು.

ಆ ಕೋಣೆಯ ಬಾಗಿಲಿಗೆ ಅವರು ಕೈಯಾರೆ ಬರೆದ ಪಟ್ಟಿಯೊಂದಿತ್ತು. ಚಪ್ಪಲಿ ಹಾಕಿಕೊಂಡು ಬರಬಾರದು, ಬೀಡಿ ಸೇದಿ ಬರಬಾರದು, ಒಳಗೆ ತಲೆ ಬಾಚಬಾರದು, ಸೀಮೆಸುಣ್ಣ ತರಬಾರದು, ಮುಖಕ್ಕೆ ಪೌಡರ್ ಹಾಕಬಾರದು, ಹೂವು ಮುಡಿಯಬಾರದು. ನಾನು ಹೊಸದಾಗಿ ಮದುವೆಯಾಗಿದ್ದೆ, ಸ್ವಲ್ಪ ಪೌಡರಿನ ಶೋಕಿ ಇತ್ತು. "ಏನಪ್ಪ ಹೊಸದುರ್ಗದ ಮದುಮಗ, ಮುಖ ತೊಳ್ಕಂಡು ಬಾ ಹೋಗು" ಎಂದು ಬಾಗಿಲಲ್ಲೇ ತಿರುಗಿಸಿ ಕಳಿಸುತ್ತಿದ್ದರು. ಸಿಟ್ಟು ಬಂದರೆ ಮ್ಯಾನೇಜರನ್ನೂ ಬಿಡುತ್ತಿರಲಿಲ್ಲ. ಒಮ್ಮೆ ಮ್ಯಾನೇಜರ ಷೂ ಬಿಚ್ಚಿಸಿ, ತೂತು ಬಿದ್ದ ಕಾಲುಚೀಲ ಎಲ್ಲರಿಗೂ ಕಾಣಿಸುವ ಹಾಗೆ ಮಾಡಿದ್ದರು. ಅದನ್ನು ಮ್ಯಾನೇಜರ್ ಮರೆತಿರಲಿಕ್ಕಿಲ್ಲ.

ಆದರೆ ಕಲಿಸಲು ಕೂತರೆ ಅವರೇ ಬೇರೆ ಮನುಷ್ಯರಾಗುತ್ತಿದ್ದರು. ಅವರದು ಕುರಿ ಕಾಯುವ ಮನೆತನ. ಮಾತಿಗೆ ಮುಂಚೆ ಕುರಿ ಬರುತ್ತಿತ್ತು. ಕಂಪ್ಯೂಟರಿನ ಲೆಕ್ಕ ಕೂಡಿಡುವ ಟೇಪಿಗೂ ಡಿಸ್ಕಿಗೂ ಏನು ವ್ಯತ್ಯಾಸ ಎಂದು ನಾನು ಕೇಳಿದಾಗ ಹೀಗೆ ಹೇಳಿದ್ದರು: "ಹಿಂಡಿನಾಗೆ ಒಂದು ಕುಂಟ ಕುರಿ ಐತೆ ಅನ್ಕ. ಇಡೀ ಹಿಂಡನ್ನ ಒಂದೊಂದಾಗಿ ಬಾಗ್ಲು ದಾಟಿಸ್ತಾ ಹುಡುಕಿದ್ರೆ ಅದು ಟೇಪು. ಎಲ್ಲಿ ನಿಂತೈತೆ ಅಂತ ಮೊದ್ಲೇ ಗೊತ್ತಿದ್ದು, ನೆಟ್ಟಗೆ ಹೋಗಿ ಕಿವಿ ಹಿಡಿದ್ರೆ ಅದು ಡಿಸ್ಕು. ಕಿವಿ ಹಿಡಿಯಾಕೆ ಎಷ್ಟು ಹೊತ್ತು ಬೇಕು ಅನ್ನೋದನ್ನೇ ನಾವು ಅಳೆಯೋದು." ಪಂಚ್ ಮಾಡುವ ಹೆಣ್ಣುಮಕ್ಕಳೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ನಲವತ್ತು ಮುಟ್ಟುತ್ತಿದ್ದ ಆ ಮನುಷ್ಯನಿಗೆ ಪಾಠ ಹೇಳುವ ಕೆಲಸವೊಂದನ್ನು ಬಿಟ್ಟು ಬೇರೆ ಆಸೆಯೇ ಇರಲಿಲ್ಲ ಎಂದು ನನಗೆ ಆಗಲೇ ಅನ್ನಿಸಿತ್ತು.

ಅದು ಅವರಿಗೆ ಸಿಕ್ಕೂ ಬಿಟ್ಟಿತು. ಮೈಸೂರಿನ ಒಂದು ತಾಂತ್ರಿಕ ಕಾಲೇಜಿಗೆ ಕಂಪ್ಯೂಟರ್ ಬರುವುದಿತ್ತು, ಅದನ್ನು ಕಲಿಸುವವರು ಬೇಕಾಗಿತ್ತು. ಅವರಿಗೆ ಆರ್ಡರ್ ಬಂತು. ಏಪ್ರಿಲ್ಲಿನ ಒಂದು ಸೋಮವಾರ ಹಾಜರಾಗಬೇಕು, ಬರುವಾಗ ಕಂಪನಿಯಿಂದ ಬಿಡುಗಡೆ ಪತ್ರ ತರಬೇಕು, ಇಲ್ಲದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ ಕೊಡುತ್ತೇವೆ ಎಂದು ಅದರಲ್ಲಿತ್ತು. ವಯಸ್ಸಿನ ಮಿತಿ ಅವರಿಗೆ ಅದೇ ವರ್ಷ ಮುಗಿಯುತ್ತಿತ್ತು. ಇನ್ನೊಂದು ಸಲ ಅರ್ಜಿ ಹಾಕುವಂತಿರಲಿಲ್ಲ.

ಅದೇ ಹೊತ್ತಿಗೆ ನಮ್ಮ ಕೋಣೆಗೆ ಆ ಡಿಸ್ಕು ಬಂದಿಳಿಯಿತು. ಈಗಿನ ಹುಡುಗರು ಅಂಗಿ ಜೇಬಿನಲ್ಲಿ ಇಟ್ಟುಕೊಂಡು ತಿರುಗುವಂಥದ್ದಲ್ಲ. ಹಿಟ್ಟಿನ ಗಿರಣಿಯಷ್ಟು ದೊಡ್ಡ ಪೆಟ್ಟಿಗೆ. ನಾಲ್ಕು ಜನ ಹಮಾಲರು ಹೊತ್ತು ತಂದರು. ಅದರ ಮೇಲಿನ ಮುಚ್ಚಳ ತೆಗೆದು, ಒಂದರ ಮೇಲೊಂದು ತಟ್ಟೆ ಜೋಡಿಸಿದ ಹಾಗಿದ್ದ ಕಟ್ಟನ್ನು ಎರಡು ಕೈಯಲ್ಲಿ ಒಳಗಿಳಿಸಬೇಕು. ತಟ್ಟೆಗಳು ಗಿರ್ರನೆ ತಿರುಗುವಾಗ ಓದುವ ಮುಳ್ಳುಗಳು ಅವುಗಳ ಮೇಲೆ ಕೂದಲೆಳೆಗಿಂತ ಕಡಿಮೆ ಎತ್ತರದಲ್ಲಿ ತೇಲುತ್ತವೆ. ನಡುವೆ ಒಂದು ದೂಳಿನ ಕಣ ಸಿಕ್ಕರೂ ಮುಳ್ಳು ಎಡವುತ್ತದೆ. ಆ ಕಾಲಕ್ಕೆ ಅದು ನಮ್ಮ ಕಡೆ ಯಾರೂ ಕಂಡಿರದಷ್ಟು ದೊಡ್ಡ ನೆನಪಿನ ಡಿಸ್ಕು. ಈಗ ಲೆಕ್ಕ ಹಾಕಿದರೆ ನನ್ನ ಮೊಮ್ಮಗಳ ಹುಟ್ಟುಹಬ್ಬದ ಫೋಟೋಗಳೂ ಅದರಲ್ಲಿ ಹಿಡಿಯುವುದಿಲ್ಲ.

ಪೂರೈಸಿದವರ ಇಂಜಿನಿಯರ್ ಹೈದರಾಬಾದಿನಿಂದ ಬಂದು, ಜೋಡಿಸಿ, ಪರೀಕ್ಷೆಯ ಪ್ರೋಗ್ರಾಂ ಕೊಟ್ಟು ಹೊರಟುಹೋದ. ಒಪ್ಪಂದ ಹೀಗಿತ್ತು: ಡಿಸ್ಕು ದಿನಕ್ಕೆ ಎಂಟು ಗಂಟೆಯಂತೆ ಒಂದೂ ತಪ್ಪಿಲ್ಲದೆ ಸತತ ಮೂರು ದಿನ ಓಡಬೇಕು. ತುಂಬ ಅಂಕಿಗಳನ್ನು ಬರೆದು, ಮತ್ತೆ ಓದಿಸಿ, ಎರಡನ್ನೂ ಹೋಲಿಸುವುದು. ಈ ಅಂಚಿನಿಂದ ಆ ಅಂಚಿಗೆ ನೆಗೆಸಿ ಎಷ್ಟು ಬೇಗ ಹುಡುಕುತ್ತದೆ ಎಂದು ಅಳೆಯುವುದು. ನಡುವೆ ಒಂದೇ ಒಂದು ತಪ್ಪು ಬಂದರೂ ಮೂರು ದಿನದ ಲೆಕ್ಕ ಮತ್ತೆ ಮೊದಲಿನಿಂದ. ಪಾಸಾದ ಮೇಲೆ ಕಂಪನಿಯ ಪರವಾಗಿ ಅವರು ಸಹಿ ಹಾಕಬೇಕು. ಮ್ಯಾನೇಜರ್ ಅವರನ್ನು ಕರೆದು, "ಡಿಸ್ಕು ಪಾಸ್ ಮಾಡ್ಸಿ ಸಹಿ ಹಾಕ್ರಿ, ಅವತ್ತೇ ನಿಮ್ಮ ಬಿಡುಗಡೆ ಪತ್ರ ಕೊಡ್ತೀನಿ. ಅಲ್ಲೀವರೆಗೂ ಕೇಳ್ಬ್ಯಾಡ್ರಿ" ಎಂದರು. ಮೈಸೂರಿಗೆ ಹಾಜರಾಗಲು ಪೂರಾ ಒಂದು ವಾರವಿತ್ತು. ಬೇಕಾದ್ದು ಮೂರೇ ದಿನ.

ಮ್ಯಾನೇಜರ್ ನನ್ನನ್ನೂ ಕರೆದರು. ಹೊಸದುರ್ಗದಲ್ಲಿ ಕಂಪನಿಯ ಒಂದು ಉಗ್ರಾಣವಿತ್ತು. ಅಲ್ಲಿಗೆ ವರ್ಗ ಮಾಡಿಕೊಡಿ ಎಂದು ನಾನು ಆರು ತಿಂಗಳಿಂದ ಅರ್ಜಿ ಹಿಡಿದು ಅಲೆಯುತ್ತಿದ್ದೆ. ಹೆಂಡತಿ ಹೊಸದುರ್ಗದಲ್ಲಿ ಏಳು ತಿಂಗಳ ಬಸುರಿ. ನಾನಿಲ್ಲಿ ಲಾಡ್ಜಿನ ಅನ್ನ ತಿನ್ನುತ್ತಿದ್ದೆ. "ನೋಡಪ್ಪ, ಅವ್ರು ಮೈಸೂರಿಗೆ ಹೋದ್ರೆ ಆ ಕೋಣೆ ನೋಡ್ಕಳಾಕೆ ನಿನ್ನ ಬಿಟ್ರೆ ಇನ್ಯಾರಿದಾರೆ? ಹೊಸದುರ್ಗದ್ದು ಆಮೇಲೆ ನೋಡಾಣ" ಎಂದರು. ಆ ಮನುಷ್ಯ 'ಆಮೇಲೆ ನೋಡಾಣ' ಎಂದ ಯಾವ ಕೆಲಸವೂ ಆದದ್ದನ್ನು ನಾನು ಕಂಡಿರಲಿಲ್ಲ. ಅಂದರೆ ಅವರು ಹೊರಗೆ ಹೋದರೆ ನಾನು ಒಳಗೆ ಸಿಕ್ಕಿಕೊಳ್ಳುತ್ತಿದ್ದೆ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಪರೀಕ್ಷೆ ಶುರುವಾಯಿತು. ಅವರಿಗೆ ಎದೆಯಲ್ಲಿ ಕಫದ ತೊಂದರೆ ಇತ್ತು, ಆ ಚಳಿ ಆಗಿಬರುತ್ತಿರಲಿಲ್ಲ. ಇಡೀ ದಿನ ಒಳಗೇ ಕೂರಬೇಕಲ್ಲ ಎಂದು ಊರಿನಿಂದ ಕಂಬಳಿ ತಂದಿದ್ದರು. ತಮ್ಮ ಕುರಿಗಳದೇ ಕರಿ ಉಣ್ಣೆ, ಅವರ ತಾಯಿ ಕೈಯಾರೆ ನೂತದ್ದು. ಬಿಳಿ ಕೋಟಿನ ಮೇಲೆ ಅದನ್ನು ಹೊದ್ದು ಒಳಗೆ ಬಂದಾಗ ಪಂಚ್ ಮಾಡುವ ಹುಡುಗಿಯೊಬ್ಬಳು, "ನಮ್ಗೆ ಒಂದು ಮೊಳ ಮಲ್ಲಿಗೆ ಬ್ಯಾಡ ಅಂತೀರಿ, ನಿಮ್ಗೆ ಕಂಬಳಿ ಆಗ್ತೈತಾ ಸಾರ್?" ಎಂದು ನಕ್ಕಳು.

"ಕಂಬಳಿಗೆ ಮೈಲಿಗೆ ಅನ್ನೋದೇ ಇಲ್ಲಮ್ಮ. ನಮ್ಮನೆ ದೇವ್ರು ಕುಂತ್ಕಳೋದೇ ಕಂಬಳಿ ಮ್ಯಾಲೆ" ಎಂದರು. ಅವರು ತಮಾಷೆಗೆ ಹೇಳಿದ್ದಲ್ಲ. ನಮ್ಮ ಸೀಮೆಯಲ್ಲಿ ಹಾಗೇ. ರೇಷ್ಮೆಗೆ ಮೈಲಿಗೆಯಾದೀತು, ಕಂಬಳಿಗೆ ಆಗುವುದಿಲ್ಲ. ಗದ್ದುಗೆಗೆ ಹಾಸುವುದು ಕಂಬಳಿ, ಮದುವೆಯಲ್ಲಿ ಗಂಡುಹೆಣ್ಣನ್ನು ಕೂರಿಸುವುದು ಕಂಬಳಿ. ಕಂಬಳಿಯಿಂದಲೂ ಎಳೆ ಉದುರುತ್ತದೆ ಎಂದು ಅಷ್ಟು ಓದಿದವರಿಗೆ ಹೊಳೆಯಲಿಲ್ಲವೇ ಎಂದು ಈಗ ಕೇಳುವುದು ಸುಲಭ. ಹೂವು, ಪೌಡರು, ಬೀಡಿ ಅವರ ಕಣ್ಣಿಗೆ ಕೊಳೆಯಾಗಿ ಕಂಡವು. ತಾಯಿ ನೂತ ಕಂಬಳಿ ಕೊಳೆಯಾಗಿ ಕಾಣುವುದು ಸಾಧ್ಯವಿರಲಿಲ್ಲ.

ಸೋಮವಾರ ಮಧ್ಯಾಹ್ನ ಎರಡರ ಸುಮಾರಿಗೆ, ಕಂಪ್ಯೂಟರ್ ಹೇಳಿದ್ದನ್ನು ಕಾಗದಕ್ಕೆ ಹೊಡೆಯುವ ಟೆಲಿಪ್ರಿಂಟರ್ ಕಟಕಟ ಎಂದು ಒಂದು ಸಾಲು ಹೊಡೆಯಿತು. ಓದಿದ್ದು ಬರೆದದ್ದಕ್ಕೆ ತಾಳೆಯಾಗಿಲ್ಲ. ಅವರು ಸ್ಕ್ರೂಡ್ರೈವರ್ ಕಿವಿಗಿಟ್ಟು ಕೇಳಿದರು. "ಸದ್ದು ಸರಿ ಐತಲ್ಲ" ಎಂದು ತಾವೇ ಅಂದುಕೊಂಡರು. ಸಂಜೆ ಡಿಸ್ಕು ನಿಲ್ಲಿಸಿ, ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಮುಳ್ಳುಗಳನ್ನು ಒರೆಸಿದರು. ಬಟ್ಟೆಗೆ ಸಣ್ಣಗೆ ಮಸಿ ಹತ್ತಿತು. "ಲಾರಿ ದೂಳು. ಬಾಗ್ಲು ಸಂದಿನಾಗೆ ಬರ್ತೈತೆ" ಎಂದರು.

ಮಂಗಳವಾರ ಬೆಳಿಗ್ಗೆ ಮುಚ್ಚಳ ತೆಗೆದು ತಟ್ಟೆಗಳ ಕಟ್ಟನ್ನು ಇಳಿಸಲು ಅವರು ಬಗ್ಗಿದರು. ನಾನು ಪಕ್ಕದಲ್ಲಿ ಕಟ್ಟಿನ ಪ್ಲಾಸ್ಟಿಕ್ ಡಬ್ಬಿ ಹಿಡಿದು ನಿಂತಿದ್ದೆ. ಅವರ ಹೆಗಲಿನಿಂದ ಕಂಬಳಿಯ ಅಂಚು ಜಾರಿ ಪೆಟ್ಟಿಗೆಯ ಬಾಯಿಗೆ ತಗುಲಿತು. ಅವರು ಎಡಗೈಯಿಂದ ಅದನ್ನು ಹೆಗಲಿಗೆ ಎಳೆದುಕೊಂಡರು. ಡಬ್ಬಿಯ ಅಂಚಿನ ಮೇಲೆ ಒಂದು ಕರಿ ಎಳೆ ಉಳಿಯಿತು, ಕಣ್ರೆಪ್ಪೆಯ ಕೂದಲಿನಷ್ಟು ಉದ್ದದ್ದು. ಬಾಗಿಕೊಂಡು ಅಲುಗುತ್ತಿತ್ತು. ನಾನು ಅದನ್ನು ಎರಡು ಬೆರಳಲ್ಲಿ ತೆಗೆದೆ. ಒಂದು ಇಲ್ಲಿ ಬಿದ್ದರೆ ಹತ್ತು ಒಳಗೆ ಬಿದ್ದಿರುತ್ತವೆ ಎಂದು ತಿಳಿಯಲು ನನಗೆ ಇಂಜಿನಿಯರಿಂಗ್ ಓದಬೇಕಿರಲಿಲ್ಲ. ಬಾಯಿ ತೆರೆದೆ. ಹೊಸದುರ್ಗ ನೆನಪಾಯಿತು. ಎಳೆಯನ್ನು ಪ್ಯಾಂಟಿನ ಜೇಬಿಗೆ ಒರೆಸಿ ಸುಮ್ಮನಾದೆ.

ಮಧ್ಯಾಹ್ನ ಮೂರಕ್ಕೆ ಟೆಲಿಪ್ರಿಂಟರ್ ಮತ್ತೆ ಕಟಕಟ ಎಂದಿತು.

ದೂಳು ಬಾಗಿಲಿನಿಂದ ಬರುತ್ತಿದೆ ಎಂಬುದು ಅವರ ನಂಬಿಕೆಯಾಗಿತ್ತು. ಬುಧವಾರ ಮೈದಾಹಿಟ್ಟಿನ ಅಂಟು ಕಲಸಿ, ಬಾಗಿಲ ಸಂದಿಗೆಲ್ಲ ಒಳಗಿನಿಂದ ಹಳೇ ಪೇಪರ್ ಮೆತ್ತಿದರು. ಬೆಳಿಗ್ಗೆ ಎಂಟಕ್ಕೆ ಒಳಹೊಕ್ಕರೆ ಸಂಜೆ ನಾಲ್ಕಕ್ಕೇ ಹೊರಗೆ. ಊಟವಿಲ್ಲ, ನೀರಿಲ್ಲ, ಒಂದಕ್ಕೆ ಹೋಗುವಂತೆಯೂ ಇಲ್ಲ. ಗಾಳಿಯಾಡದಂತೆ ಮುಚ್ಚಿದಷ್ಟೂ ಚಳಿ ಏರಿತು. ಚಳಿ ಏರಿದಷ್ಟೂ ಅವರು ಕಂಬಳಿಯನ್ನು ಬಿಗಿಯಾಗಿ ಸುತ್ತಿಕೊಂಡರು. ನಾನು ಎದುರಿಗೆ ಕುರ್ಚಿಯಲ್ಲಿ ಕೂತು ನೋಡುತ್ತಿದ್ದೆ. ಬೆಳಿಗ್ಗೆ ಮುಚ್ಚಳ ತೆಗೆಯುವಾಗ ಬೇಕೆಂದೇ ಬೇರೆ ಕಡೆ ತಿರುಗುತ್ತಿದ್ದೆ. ನೋಡದಿದ್ದರೆ ಗೊತ್ತಿಲ್ಲದ ಹಾಗೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನನಗೆ ಚೆನ್ನಾಗಿ ಗೊತ್ತಿತ್ತು.

"ಲೇ, ನಿಂಗೂ ಚಳಿ ಆಗ್ತೈತೆ. ಬಾ ಇಲ್ಲಿ, ಅರ್ಧ ಹೊದ್ಕ" ಎಂದರು ಗುರುವಾರ. ಬೇಡ ಎಂದೆ. "ನಾಚ್ಕೆ ಏನೋ, ಬಾ" ಎಂದು ಎದ್ದು ಬಂದು ಕಂಬಳಿಯ ಒಂದು ತುದಿಯನ್ನು ನನ್ನ ಹೆಗಲ ಮೇಲೆ ಹಾಕಿದರು. ಇಬ್ಬರೂ ಒಂದೇ ಕಂಬಳಿಯಲ್ಲಿ ಕೂತು ಆ ಪೆಟ್ಟಿಗೆಯನ್ನು ನೋಡುತ್ತಿದ್ದೆವು. ಮೈಸೂರಿನಲ್ಲಿ ಮೊದಲ ದಿನ ಯಾವ ಪಾಠ ಹೇಳಬೇಕು ಎಂದು ಯೋಚಿಸಿದ್ದೇನೆ ಎಂದರು. ಕುಂಟ ಕುರಿಯ ಕಥೆಯಿಂದಲೇ ಶುರು ಮಾಡುತ್ತಾರಂತೆ. ಪಟ್ಟಣದ ಹುಡುಗರು ನಕ್ಕರೆ ನಗಲಿ ಎಂದರು. ಅದಾಗಿ ಗಂಟೆಯೊಳಗೆ ಮತ್ತೆ ತಪ್ಪು ಬಂತು.

ಶನಿವಾರ ಮ್ಯಾನೇಜರ್ ಬಾಗಿಲು ಬಡಿಸಿ ಅವರನ್ನು ಹೊರಗೆ ಕರೆಸಿಕೊಂಡರು. ನಾನೂ ಹಿಂದೆ ಹೋದೆ. ಮೇಜಿನ ಮೇಲೆ ಎರಡು ಹಾಳೆ ಇದ್ದವು. ಒಂದು ಡಿಸ್ಕಿನ ಸರ್ಟಿಫಿಕೇಟು, ಇನ್ನೊಂದು ಬಿಡುಗಡೆ ಪತ್ರ, ಟೈಪಾಗಿ ಸಿದ್ಧವಾಗಿತ್ತು.

"ಏನ್ರೀ, ನಿಮಗೆ ಹೋಗೋ ಮನಸೈತೋ ಇಲ್ವೋ? ದಿನಕ್ಕೊಂದು ತಪ್ಪು ತಾನೇ ಬರ್ತಿರೋದು? ಇದಕ್ಕೊಂದು ಸಹಿ ಹಾಕ್ರಿ, ಅದನ್ನ ತಗೊಂಡು ಹೊರಡ್ರಿ. ನಾಳೆ ಬಸ್ ಹತ್ತಬಹುದು."

ಅವರು ಬಹಳ ಹೊತ್ತು ಆ ಎರಡನೇ ಹಾಳೆಯನ್ನು ನೋಡಿದರು. ಕೈ ಚಾಚಿದರೆ ಸಿಗುವಷ್ಟು ಹತ್ತಿರವಿತ್ತು. "ಪಾಸಾಗದ್ದನ್ನ ಪಾಸಾಗೈತೆ ಅಂತ ಹೆಂಗೆ ಬರೀಲಿ ಸಾರ್? ಬರ್ದು ಹೋಗಿ ಅಲ್ಲಿ ಹುಡುಗ್ರಿಗೆ ಏನಂತ ಪಾಠ ಹೇಳ್ಲಿ?" ಎಂದರು. ಆಗಲಾದರೂ ನಾನು ಹೇಳಬಹುದಿತ್ತು. ಮ್ಯಾನೇಜರ್ ನನ್ನ ಮುಖ ನೋಡಿದರು, ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅವರು ವಾಪಸ್ ನಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮೈಸೂರಿಗೆ ಇನ್ನೆರಡು ವಾರ ಅವಕಾಶ ಕೊಡಿ ಎಂದು ಅಲ್ಲಿಂದಲೇ ತಂತಿ ಬರೆದು ಕಳಿಸಿದರು.

ಸೋಮವಾರ, ಅವರು ಮೈಸೂರಿನಲ್ಲಿರಬೇಕಿದ್ದ ದಿನ, ಹೈದರಾಬಾದಿನ ಇಂಜಿನಿಯರ್ ಬಂದ. ಮುಚ್ಚಳ ತೆಗೆದು ಟಾರ್ಚು ಬಿಟ್ಟ. ಚಿಮುಟದಲ್ಲಿ ಏನನ್ನೋ ಎತ್ತಿ ಬೆಳಕಿಗೆ ಹಿಡಿದ. "ಏಮಿ ಸಾರ್ ಇದು? ಉಣ್ಣೆ! ಎಲ್ಲಿಂದ ಬಂತು?" ಎನ್ನುತ್ತಾ ಸುತ್ತ ನೋಡಿದವನ ಕಣ್ಣು ಅವರ ಹೆಗಲ ಮೇಲೆ ನಿಂತಿತು. ಕಾರಣ ಹಿಡಿಯಲು ಅವನಿಗೆ ಎರಡು ನಿಮಿಷವೂ ಬೇಕಾಗಲಿಲ್ಲ. ಅವರು ಕಂಬಳಿಯನ್ನು ನಿಧಾನವಾಗಿ ತೆಗೆದು, ನಾಲ್ಕು ಮಡಿಕೆ ಮಾಡಿ, ಹೊರಗೆ ಹೋಗಿ ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿ ಬಂದರು. ಪರೀಕ್ಷೆಯ ಪುಸ್ತಕ ತೆರೆದು, 'ತಪ್ಪಿನ ಕಾರಣ: ನನ್ನ ಕಂಬಳಿ' ಎಂದು ಬರೆದರು. ಬೇಕಿದ್ದರೆ ಹೊರಗಿನ ದೂಳು ಎಂದು ಬರೆಯಬಹುದಿತ್ತು, ಕೇಳುವವರು ಯಾರೂ ಇರಲಿಲ್ಲ. ಮ್ಯಾನೇಜರ್ ಆ ಸಾಲನ್ನು ಇಡೀ ಆಫೀಸಿಗೆ ಓದಿ ಹೇಳಿ ನಗಿಸಿದರು. ಅವತ್ತಿನಿಂದ ಬೆನ್ನ ಹಿಂದೆ ಎಲ್ಲರಿಗೂ ಅವರು 'ಕಂಬಳಿ ಸಾರ್' ಆದರು.

ಮಂಗಳವಾರ, ಬುಧವಾರ, ಗುರುವಾರ ಡಿಸ್ಕು ಸದ್ದಿಲ್ಲದೆ ಓಡಿ ಪಾಸಾಯಿತು. ಶುಕ್ರವಾರ ಸಹಿ ಹಾಕಿದರು. ಅದರ ಮರುವಾರ ಮೈಸೂರಿನಿಂದ ಕಾಗದ ಬಂತು. ಜಾಗವನ್ನು ಪಟ್ಟಿಯಲ್ಲಿ ಮುಂದಿನವರಿಗೆ ಕೊಟ್ಟಾಗಿತ್ತು. ಅವರು ಉಳಿದರು. ಅವರು ಉಳಿದ ಮೇಲೆ ನನ್ನನ್ನು ಹಿಡಿದಿಡುವ ಕಾರಣ ಮ್ಯಾನೇಜರಿಗೆ ಇರಲಿಲ್ಲ. ತಿಂಗಳೊಳಗೆ ನಾನು ಹೊಸದುರ್ಗದ ಬಸ್ಸು ಹತ್ತಿದೆ. ಬೀಳ್ಕೊಡಲು ಅವರೇ ಬಸ್ ಸ್ಟ್ಯಾಂಡಿಗೆ ಬಂದಿದ್ದರು. ಹುಟ್ಟುವ ಮಗುವಿಗೆಂದು ಒಂದು ಜೊತೆ ಉಣ್ಣೆಯ ಕಾಲುಚೀಲ ಕೊಟ್ಟರು.

ಆಮೇಲೆ ಹದಿನೆಂಟು ವರ್ಷ ಅವರು ಅದೇ ಕೋಣೆಯಲ್ಲಿದ್ದರು. ಆಫೀಸಿನ ಕೆಲಸಕ್ಕೆ ಚಿತ್ರದುರ್ಗಕ್ಕೆ ಬಂದಾಗೆಲ್ಲ ನಾನು ಹೋಗಿ ನೋಡುತ್ತಿದ್ದೆ. ಯಾರು ಒಳಗೆ ಬಂದರೂ ಅವರು ಮೊದಲು ಕೇಳುತ್ತಿದ್ದುದು, "ಹೊರಗೆ ಹೆಂಗೈತೆ?" ಎಂದು. ಬಿಸಿಲೋ, ಮೋಡವೋ, ಗಾಳಿಯೋ, ಆ ಕೋಣೆಯಲ್ಲಿ ತಿಳಿಯುತ್ತಿರಲಿಲ್ಲ. ನಾನು ಬಿಸಿಲು ಎಂದರೆ ತಲೆಯಾಡಿಸುತ್ತಿದ್ದರು. ಪಾಠದ ಮಾತು ಮತ್ತೆ ಎತ್ತಲಿಲ್ಲ. ನಾನು ಹೊಸದಾಗಿ ಏನಾದರೂ ಕೇಳಿದರೂ, "ಪುಸ್ತಕದಾಗೈತೆ, ನೋಡ್ಕ" ಎನ್ನುತ್ತಿದ್ದರು. ಕುರಿಗಳ ಕಥೆ ನಿಂತುಹೋಗಿತ್ತು.

ಅವರು ನಿವೃತ್ತರಾದ ದಿನ ನಾನು ಹೋಗಿದ್ದೆ. ಹಾರ, ಶಾಲು, ಖಾರಾಬೂಂದಿ ಎಲ್ಲ ಮುಗಿದ ಮೇಲೆ ಇಬ್ಬರೂ ಬಸ್ ಸ್ಟ್ಯಾಂಡಿಗೆ ಬಂದೆವು. ಅವರಿಗೆ ಹಿರಿಯೂರು ಬಸ್ಸು, ನನಗೆ ಹೊಸದುರ್ಗದ ಬಸ್ಸು. ಕಲ್ಲುಬೆಂಚಿನ ಮೇಲೆ ಕೂತಿದ್ದಾಗ, "ನೀನೊಬ್ಬ ಕಣೋ ಆ ಕೋಣೆ ಮರೀದೆ ಬರ್ತಾ ಇದ್ದೋನು" ಎಂದರು. ಅದನ್ನು ಕೇಳಿಸಿಕೊಂಡು ಬಸ್ಸು ಹತ್ತುವುದು ನನ್ನಿಂದಾಗಲಿಲ್ಲ. ಹೇಳಿಬಿಟ್ಟೆ. ಡಬ್ಬಿಯ ಅಂಚಿನ ಎಳೆ, ಜೇಬಿಗೆ ಒರೆಸಿದ್ದು, ಹೊಸದುರ್ಗದ ಆಸೆ, ಎಲ್ಲವನ್ನೂ ಹೇಳಿದೆ. ಬೈಯಲಿ, ಕಪಾಳಕ್ಕೆ ಹೊಡೆಯಲಿ ಎಂದು ಕಾದೆ.

ಅವರು, "ಯಾವತ್ತು ನೋಡಿದ್ದು ನೀನು?" ಎಂದು ಕೇಳಿದರು.

"ಮಂಗಳವಾರ ಸಾರ್. ಬೆಳಿಗ್ಗೆ."

ಅವರು ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳಿನಿಂದ ಒಂದೊಂದೇ ಬೆರಳು ಮುಟ್ಟುತ್ತಾ ಎಣಿಸತೊಡಗಿದರು. "ಮಂಗಳವಾರ ಸಂಜೆ ಒರೆಸಿ ಇಡ್ತಿದ್ದೆ. ಬುಧವಾರ ಒಂದು. ಗುರುವಾರ ಎರಡು. ಶುಕ್ರವಾರ ಮೂರು. ಶನಿವಾರ ಸಹಿ. ಭಾನುವಾರ ಬಸ್ಸು." ಅಲ್ಲಿಗೆ ನಿಲ್ಲಿಸಿ, ಎಲ್ಲೋ ತಪ್ಪಿರಬಹುದು ಎನ್ನುವ ಹಾಗೆ ಮತ್ತೆ ಮೊದಲಿನಿಂದ ಎಣಿಸಿದರು.

"ಸಾಕಾಗ್ತಿತ್ತು" ಎಂದರು.